ಕಂಪ್ಯೂಟರಿನ ಬೀಗವೂ ನಮ್ಮ ಸಂಘವೂ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶುಭ ಸಂದರ್ಭದಲ್ಲಿ ಎರಡು ಮಾತಾಡಬೇಕು ಅಂತ ಅಧ್ಯಕ್ಷರು ನಮಗೆ ಅಪ್ಪಣೆ ಮಾಡಿದ್ದಾರೆ. ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ಆಗಲೇ ವಿವರವಾಗಿ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಊಟ ತಡ ಮಾಡುವುದಿಲ್ಲ. ನಾವು ಕಂಪ್ಯೂಟರ್ ಕೆಲಸದಲ್ಲಿ ಅನ್ನ ತಿನ್ನುವವರು, ಆ ವಿಷಯವನ್ನೇ ಮಾತಾಡುತ್ತೇವೆ.

2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಅಳವಡಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದೀಚೆಗೆ ನಮ್ಮಂಥ ಸಂಘಗಳ ದಿನವಹಿ, ಖಾತೆ ಪುಸ್ತಕಗಳೆಲ್ಲ ಒಂದೊಂದಾಗಿ ಆ ಪೆಟ್ಟಿಗೆಯೊಳಕ್ಕೆ ಹೋಗುತ್ತಿವೆ. "ಅದರೊಳಗೆ ನಮ್ಮ ದುಡ್ಡಿನ ಲೆಕ್ಕ ಭದ್ರವೇ?" ಅಂತ ಸದಸ್ಯರು ಕೇಳುವುದು ನ್ಯಾಯವಾದ ಪ್ರಶ್ನೆ. ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಲಾಗುವುದಿಲ್ಲ. ಹೊರದೇಶಗಳಲ್ಲಿ ನಡೆದ ಒಂದು ಸಂಗತಿಯನ್ನು ಕೇಳಿದರೆ ಉತ್ತರ ನಿಮಗೇ ಹೊಳೆಯುತ್ತದೆ.

ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಬ್ಯಾಂಕಿನ ಪುಟ ತೆರೆದಾಗ ಮೇಲುಗಡೆ ಸಣ್ಣ ಬೀಗದ ಗುರುತು ಕಾಣುವುದುಂಟು. ನಾವು ಬರೆದ ಪಾಸ್‌ವರ್ಡ್ ದಾರಿಯಲ್ಲಿ ಯಾರಿಗೂ ಓದಲು ಬಾರದ ಹಾಗೆ ಕಲಸಿ ಕಳಿಸುತ್ತೇವೆ ಅಂತ ಅದರ ಅರ್ಥ. ಹೀಗೆ ಕಲಸುವ ಕೆಲಸಕ್ಕೆ ಓಪನ್ ಎಸ್‌ಎಸ್‌ಎಲ್ ಅಂತ ಒಂದು ಸಾಫ್ಟ್‌ವೇರ್ ಇದೆ. 1998ರಲ್ಲಿ ಶುರುವಾದದ್ದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ದೊಡ್ಡ ದೊಡ್ಡ ಕಂಪನಿಗಳು, ಸರ್ಕಾರಗಳು ಎಲ್ಲವೂ ಇದನ್ನೇ ನಂಬಿದ್ದವು.

ಎರಡು ಕಂಪ್ಯೂಟರುಗಳು ಮಾತಾಡುತ್ತಿರುವಾಗ ನಡುನಡುವೆ "ಇದ್ದೀಯಾ?" ಅಂತ ವಿಚಾರಿಸಿಕೊಳ್ಳುತ್ತವೆ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗು ಹಾಕಿದ ಹಾಗೆ. ಈಚೆಯದು ಒಂದು ಸಣ್ಣ ಪದ ಕಳಿಸಿ, "ಇದರಲ್ಲಿ ಇಷ್ಟು ಅಕ್ಷರ ಇವೆ, ವಾಪಸು ಹೇಳು" ಅನ್ನುತ್ತದೆ. ಆಚೆಯದು ಅದನ್ನೇ ವಾಪಸು ಹೇಳುತ್ತದೆ. ಹೃದಯದ ಬಡಿತ ಇದ್ದ ಹಾಗೆ ಅಂತ ಇದಕ್ಕೆ ಹಾರ್ಟ್‌ಬೀಟ್ ಅಂತ ಹೆಸರು. ತಪ್ಪು ಇದ್ದದ್ದು ಇಲ್ಲೇ. ಬಂದ ಪದ ನಿಜವಾಗಿ ಎಷ್ಟು ಉದ್ದ ಅಂತ ಆಚೆಯ ಕಂಪ್ಯೂಟರ್ ಅಳೆದು ನೋಡುತ್ತಿರಲಿಲ್ಲ. ಹೇಳಿದ ಲೆಕ್ಕವನ್ನೇ ನಂಬುತ್ತಿತ್ತು.

ನಮ್ಮ ಗೋದಾಮಿಗೆ ಒಬ್ಬ ಒಂದು ಮೂಟೆ ರಾಗಿ ತಂದಿಟ್ಟು, ಚೀಟಿಯಲ್ಲಿ ಅರವತ್ತನಾಲ್ಕು ಸಾವಿರ ಮೂಟೆ ಅಂತ ಬರೆದ ಅಂತಿಟ್ಟುಕೊಳ್ಳಿ. ಗೋದಾಮಿನವನು ಎಣಿಸಲಿಲ್ಲ, ತೂಗಲಿಲ್ಲ. ವಾಪಸು ಕೇಳಿದಾಗ ಚೀಟಿ ನೋಡಿ, ಅವನದೊಂದು ಮೂಟೆ ಕೊಟ್ಟು, ಮಿಕ್ಕಿದ್ದಕ್ಕೆ ಪಕ್ಕದಲ್ಲಿದ್ದ ನಿಮ್ಮದು, ನಮ್ಮದು, ಎಲ್ಲರ ಮೂಟೆಗಳನ್ನೂ ಗಾಡಿಗೆ ಹೇರಿಸಿದ. ಕಂಪ್ಯೂಟರಿನಲ್ಲಿ ಆದದ್ದೂ ಇದೇ. ಪದ ಚಿಕ್ಕದು, ಹೇಳಿದ ಲೆಕ್ಕ ದೊಡ್ಡದು. ಒಂದು ಸಲ ಕೇಳಿದರೆ ಸುಮಾರು 64 ಸಾವಿರ ಅಕ್ಷರಗಳಷ್ಟು ಮಾಹಿತಿ, ಆ ಗಳಿಗೆಯಲ್ಲಿ ಕಂಪ್ಯೂಟರಿನ ನೆನಪಿನಲ್ಲಿ ಪಕ್ಕದಲ್ಲಿ ಏನಿತ್ತೋ ಅದು, ಹೊರಕ್ಕೆ ಬರುತ್ತಿತ್ತು. ಅದರಲ್ಲಿ ಬೇರೆಯವರು ಆಗತಾನೇ ಬರೆದ ಹೆಸರು, ಪಾಸ್‌ವರ್ಡ್ ಇರಬಹುದು. ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು.

ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ರಾಗಿ ಕದ್ದರೆ ಮೂಟೆ ಕಡಿಮೆಯಾಗುತ್ತದೆ, ಗೊತ್ತಾಗುತ್ತದೆ. ಪಾಸ್‌ವರ್ಡ್ ಕದ್ದರೆ ಮೂಟೆ ಅಲ್ಲೇ ಇರುತ್ತದೆ! ಸಾಧಾರಣವಾಗಿ ಇಡುವ ದಾಖಲೆಯಲ್ಲೂ ಗುರುತು ಬೀಳುತ್ತಿರಲಿಲ್ಲ.

ಈ ಭಾಗವನ್ನು ಜರ್ಮನಿಯ ಒಬ್ಬರು ಬರೆದಿದ್ದರು, ತಂಡದ ಇನ್ನೊಬ್ಬರು ಓದಿ ಒಪ್ಪಿದ್ದರು. 2011ರ ಡಿಸೆಂಬರ್ 31ರಂದು ಅದು ಸೇರಿಕೊಂಡಿತು. ಬೇಕಂತ ಮಾಡಿದ್ದಲ್ಲ, ಇಬ್ಬರ ಕಣ್ಣಿಗೂ ಬೀಳಲಿಲ್ಲ, ಅಷ್ಟೇ. 2012ರ ಮಾರ್ಚ್‌ನಿಂದ ಲೋಕಕ್ಕೆಲ್ಲ ಹರಡಿತು. ಕೊನೆಗೆ 2014ರಲ್ಲಿ ಗೂಗಲ್‌ನ ನೀಲ್ ಮೆಹ್ತಾ ಎಂಬುವರೂ, ಫಿನ್ಲೆಂಡಿನ ಕೋಡೆನೋಮಿಕಾನ್ ಕಂಪನಿಯವರೂ ಬೇರೆ ಬೇರೆಯಾಗಿಯೇ ಇದನ್ನು ಕಂಡುಹಿಡಿದರು. ಏಪ್ರಿಲ್ 7ರಂದು ಸುದ್ದಿ ಬಹಿರಂಗವಾಯಿತು, ಅದೇ ದಿನ ತೇಪೆಯೂ ಸಿಕ್ಕಿತು. ಹೃದಯದಿಂದ ರಕ್ತ ಸೋರುತ್ತಿದೆ ಅನ್ನುವ ಅರ್ಥದಲ್ಲಿ ಹಾರ್ಟ್‌ಬ್ಲೀಡ್ ಅಂತ ಹೆಸರಿಟ್ಟರು. ಆ ಹೊತ್ತಿಗೆ ಸುಮಾರು ಐದು ಲಕ್ಷ ಜಾಲತಾಣಗಳಿಗೆ ಈ ದೋಷ ತಗುಲಿತ್ತು ಅಂತ ಅಂದಾಜು.

ಕೆನಡಾದ ತೆರಿಗೆ ಇಲಾಖೆಯಿಂದ ಆರು ಗಂಟೆಗಳಲ್ಲಿ ಸುಮಾರು 900 ಜನರ ಸಾಮಾಜಿಕ ವಿಮಾ ಸಂಖ್ಯೆಗಳು ಕಳುವಾದವು. ಇಲಾಖೆ ತನ್ನ ತಾಣವನ್ನೇ ಕೆಲವು ದಿನ ಮುಚ್ಚಿ, ತೆರಿಗೆ ಲೆಕ್ಕ ಕೊಡುವ ಗಡುವನ್ನು ಏಪ್ರಿಲ್ 30ರಿಂದ ಮೇ 5ಕ್ಕೆ ಮುಂದೂಡಿತು. ಇಂಗ್ಲೆಂಡಿನಲ್ಲಿ ತಾಯಂದಿರು ಮಕ್ಕಳ ಲಾಲನೆಪಾಲನೆ ಮಾತಾಡಿಕೊಳ್ಳುವ ಮಮ್ಸ್‌ನೆಟ್ ಎಂಬ ತಾಣದಲ್ಲಿ, ಅದನ್ನು ಸ್ಥಾಪಿಸಿದವರ ಪಾಸ್‌ವರ್ಡ್ ಬಳಸಿಯೇ ಕಳ್ಳ ಒಳಗೆ ಬಂದಿದ್ದ. 15 ಲಕ್ಷ ಸದಸ್ಯರೂ ಪಾಸ್‌ವರ್ಡ್ ಬದಲಾಯಿಸಬೇಕಾಯಿತು. ಕ್ಲೌಡ್‌ಫ್ಲೇರ್ ಕಂಪನಿಯವರು "ನಮ್ಮ ಬೀಗದ ಕೀಲಿಯನ್ನೇ ಈ ದಾರಿಯಲ್ಲಿ ಕದ್ದು ತೋರಿಸಿ ನೋಡೋಣ" ಅಂತ ಪಂದ್ಯ ಕಟ್ಟಿದರು. ಅದೇ ದಿನ ತೋರಿಸಿಬಿಟ್ಟರು!

ಆ ತಾಯಂದಿರಲ್ಲಿ ಯಾರೂ ತಮ್ಮ ಪಾಸ್‌ವರ್ಡನ್ನು ಪರರಿಗೆ ಹೇಳಿಕೊಟ್ಟಿರಲಿಲ್ಲ. ಓಟಿಪಿ ಹೇಳಬೇಡಿ, ಪಿನ್ ಹೇಳಬೇಡಿ ಅಂತ ನಮಗೆ ದಿನಾ ಬುದ್ಧಿ ಹೇಳುತ್ತಾರೆ. ಸರಿಯಾದ ಮಾತೇ. ಆದರೆ ಗೋದಾಮಿನ ಗೋಡೆಯೇ ಬಿರುಕು ಬಿಟ್ಟಾಗ ಸದಸ್ಯನನ್ನು ಬೈದು ಏನು ಬಂತು? ಮೊದಲು ಗೋಡೆ ಕಟ್ಟಬೇಕು, ಆಮೇಲೆ ಹೊಸ ಬೀಗ. ಅವತ್ತು ಎಷ್ಟೋ ಜನ ಗಾಬರಿಯಲ್ಲಿ, ತಾಣದವರು ತೇಪೆ ಹಾಕುವ ಮೊದಲೇ ಪಾಸ್‌ವರ್ಡ್ ಬದಲಾಯಿಸಿದರು. ಆ ಹೊಸದೂ ಸೋರುವ ಸಂಭವವಿತ್ತು.

ಸಹಕಾರಿಗಳಾದ ನಾವು ಕಿವಿಗೊಟ್ಟು ಕೇಳಬೇಕಾದದ್ದು ಮುಂದಿದೆ. ಲೋಕವೆಲ್ಲ ನಂಬಿದ್ದ ಆ ಸಾಫ್ಟ್‌ವೇರನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. ಅವರಲ್ಲಿ ಪೂರ್ತಿ ಹೊತ್ತು ಅದೇ ಕೆಲಸ ಮಾಡುತ್ತಿದ್ದವರು ಒಬ್ಬರೇ ಒಬ್ಬರು. ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಕೆರೆ ನೀರು ಊರಿಗೆಲ್ಲ ಬೇಕು, ಹೂಳೆತ್ತುವುದಕ್ಕೆ ಆಳು ಬರುವುದಿಲ್ಲ, ನೀರುಗಂಟಿಗೆ ಕೊಡುವ ಕಾಳಿಗೂ ಲೆಕ್ಕ ನೋಡುತ್ತಾರೆ. ಕಟ್ಟೆ ಒಡೆದ ಮೇಲೆ ಎಲ್ಲರೂ ಓಡಿಬಂದರು. ಅದೇ ಏಪ್ರಿಲ್ 24ರಂದು ಲಿನಕ್ಸ್ ಫೌಂಡೇಶನ್ ಮುಂದಾಳತ್ವದಲ್ಲಿ ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್ ಮೊದಲಾದ ಕಂಪನಿಗಳು ಸೇರಿ, ಇಂಥ ಸಾಮಾನ್ಯ ಸೊತ್ತಿನ ರಕ್ಷಣೆಗೆ ಒಂದು ನಿಧಿ ಮಾಡಿದವು. ತಲಾ ವರ್ಷಕ್ಕೆ ಒಂದು ಲಕ್ಷ ಡಾಲರ್, ಮೂರು ವರ್ಷ. ಷೇರು ಕಟ್ಟಿದ ಹಾಗೆ ಅನ್ನಿ. ನಮ್ಮ ಹಳ್ಳಿಗಳಲ್ಲಿ ಕಟ್ಟಿಕೊಂಡಿರುವ ಪದ್ಧತಿ ಆ ಕೋಟ್ಯಧೀಶರಿಗೆ ಏಟು ಬಿದ್ದ ಮೇಲೆ ಹೊಳೆಯಿತು.

ಇನ್ನು ನಮ್ಮ ಕಛೇರಿಯ ಮಾತು. ತಿಜೋರಿಗೆ ಎರಡು ಕೀಲಿ ಇಟ್ಟು ಇಬ್ಬರ ಕೈಯಲ್ಲಿ ಕೊಡುವುದು ಸಂಘಗಳಲ್ಲಿ ಹಳೆಯ ರೂಢಿ. ಪಾಸ್‌ವರ್ಡ್ ಜೊತೆಗೆ ಓಟಿಪಿ ಕೇಳುವುದೂ ಅದೇ ಲೆಕ್ಕ, ಒಂದು ಕೀಲಿ ಕಳುವಾದರೂ ಇನ್ನೊಂದು ಉಳಿದಿರಲಿ ಅಂತ. ಆದ್ದರಿಂದ "ಈ ಓಟಿಪಿ ಕಾಟ" ಅಂತ ಬೇಸರಪಡಬೇಡಿ. ಬ್ಯಾಂಕಿಗೆ, ಸಂಘಕ್ಕೆ, ಸಿನಿಮಾ ನೋಡುವುದಕ್ಕೆ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟುಕೊಂಡವರು ದಯಮಾಡಿ ಬೇರೆ ಬೇರೆ ಮಾಡಿಕೊಳ್ಳಿ. ಒಂದು ಕಡೆ ಸೋರಿದರೆ ಮಿಕ್ಕ ಬಾಗಿಲುಗಳೂ ತೆರೆದ ಹಾಗೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೇ ಅಂಟಿಸಿದ ಕಛೇರಿಗಳನ್ನೂ ನಾವು ಕಂಡಿದ್ದೇವೆ, ಯಾವ ಊರು ಅಂತ ಹೇಳುವುದು ಬೇಡ.

ಆಡಳಿತ ಮಂಡಳಿಯವರಲ್ಲಿ ನಮ್ಮದೊಂದು ವಿನಂತಿ. ವಾರ್ಷಿಕ ಮಹಾಸಭೆಯಲ್ಲಿ ಗೊಬ್ಬರದ ದಾಸ್ತಾನು, ಸಾಲ ವಸೂಲಿ ಚರ್ಚೆಯಾಗುವ ಹಾಗೆಯೇ, ಈ ವರ್ಷ ಕಂಪ್ಯೂಟರಿಗೆ ತೇಪೆ ಹಾಕಿದವರು ಯಾರು, ಯಾವಾಗ ಹಾಕಿದರು, ಲೆಕ್ಕದ ಇನ್ನೊಂದು ಪ್ರತಿ ಎಲ್ಲಿದೆ ಅಂತಲೂ ವರದಿಯಲ್ಲಿ ಬರಲಿ. ಅದಕ್ಕೆ ಬೀಳುವ ಖರ್ಚನ್ನು ಅಂದಾಜು ಪಟ್ಟಿಯಲ್ಲಿ ಬೇರೆಯಾಗಿಯೇ ತೋರಿಸಲಿ. ಸದಸ್ಯರು ಅದನ್ನು ದಂಡದ ಖರ್ಚು ಅಂತ ತಿಳಿಯದೆ ಮಂಜೂರು ಮಾಡಲಿ. ಪಾಸ್‌ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳುವ ರೂಢಿಯನ್ನೂ ಈಗಲೇ ಬಿಡಬೇಡಿ.

ಅಡುಗೆಮನೆಯ ಕಡೆಯಿಂದ ಕಾರ್ಯದರ್ಶಿಗಳು ಆಗಲೇ ಎರಡು ಸಲ ಕೈಸನ್ನೆ ಮಾಡಿದರು. ಕೇಳುವುದು ಇದ್ದವರು ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕ ಕೂತು ಕೇಳಬಹುದು, ಮೊಬೈಲ್ ತಂದರೆ ಓಟಿಪಿ ವ್ಯವಸ್ಥೆ ಹೇಗೆ ಮಾಡಿಕೊಳ್ಳುವುದು ಅಂತ ಅಲ್ಲೇ ತೋರಿಸಿಕೊಡುತ್ತೇವೆ.