ಮನೆ ಸೇರದ ಪತ್ರ



ಭಯೋತ್ಪಾದಕ ಸಂಘಟನೆಗಳಿಗೆ ಹೆಣ್ಣುಮಕ್ಕಳೂ ಸೇರುತ್ತಾರೆಂಬುದು ಕಹಿ ಸತ್ಯ. 2015ರ ಫೆಬ್ರವರಿಯಲ್ಲಿ ಲಂಡನ್ನಿನ ಒಂದೇ ಶಾಲೆಯ 3 ವಿದ್ಯಾರ್ಥಿನಿಯರು ಐಸಿಸ್ ಸೇರಲು ಸಿರಿಯಾಕ್ಕೆ ಹೊರಟರು. ವಯಸ್ಸು 15, 16. ಅವರ ಗೆಳತಿಯೊಬ್ಬಳು ಮೊದಲೇ ಹೋಗಿದ್ದಳು. ಆ ಬಗ್ಗೆ ಪೋಷಕರಿಗೆ ಬರೆದ ಪತ್ರವನ್ನು ಪೊಲೀಸರು ಹುಡುಗಿಯರ ಕೈಗೇ ಕೊಟ್ಟಿದ್ದರು. ಅದು ಮನೆಯವರಿಗೆ ತಲುಪಲೇ ಇಲ್ಲ.

ಅವರಲ್ಲೊಬ್ಬಳಾದ ಶಮೀಮಾ ಬೇಗಂಗೆ ಅಲ್ಲಿ ಎರಡು ವಾರದೊಳಗೆ ಮದುವೆಯಾಯಿತು. ಹೆತ್ತ 3 ಮಕ್ಕಳೂ ತೀರಿಕೊಂಡರು. 2019ರಲ್ಲಿ ಬ್ರಿಟನ್ ಆಕೆಯ ಪೌರತ್ವವನ್ನು ರದ್ದುಪಡಿಸಿತು. ಧರ್ಮದ ಹೆಸರಿನಲ್ಲಿ ಕರೆದವರು ಕೊಟ್ಟದ್ದು ಇಷ್ಟೇ.

ಪೋಷಕರೇ, ಮಗಳು ಪ್ರಶ್ನೆ ಕೇಳಿದರೆ ಗದರಬೇಡಿ, ಕುಳಿತು ಉತ್ತರಿಸಿ. ವಿದ್ಯಾರ್ಥಿನಿಯರೇ, 'ತಾಯಿಗೆ ಹೇಳಬೇಡ' ಎನ್ನುವ ಯಾವ ಕರೆಯನ್ನೂ ನಂಬಬೇಡಿ. ಶಿಕ್ಷಕರೇ, ಮನೆಗೆ ತಿಳಿಸಬೇಕಾದ್ದನ್ನು ಮನೆಗೇ ಹೋಗಿ ತಿಳಿಸಿ.