ಲೆಕ್ಕದ ಮೇಷ್ಟ್ರು ಮತ್ತು 34 ಲಕ್ಷ ಸಾವು: 'ದಿ ಫಾಗ್ ಆಫ್ ವಾರ್' ನೋಡಿದ ಮೇಲೆ

ಈ ಸಂಚಿಕೆಯಲ್ಲಿ ಒಂದೇ ಒಂದು ಡಾಕ್ಯುಮೆಂಟರಿ ಬಗ್ಗೆ ಮಾತಾಡ್ತೀನಿ. ಹೆಸರು 'ದಿ ಫಾಗ್ ಆಫ್ ವಾರ್'. 2003ರದ್ದು, ನಿರ್ದೇಶಕರು ಎರಾಲ್ ಮಾರಿಸ್, ಆಸ್ಕರ್ ಕೂಡ ಬಂದಿದೆ. ಇಡೀ ಸಿನಿಮಾದಲ್ಲಿ ಸಂದರ್ಶನ ಇರೋದು ಒಬ್ಬರದೇ. 85 ವರ್ಷದ ರಾಬರ್ಟ್ ಮ್ಯಾಕ್‌ನಮಾರಾ ಕೂತ್ಕೊಂಡು ಮಾತಾಡ್ತಾರೆ, ನಾವು ಕೇಳ್ತೀವಿ. ಬೋರ್ ಹೊಡೆಯುತ್ತೆ ಅಂತ ಅನ್ಕೋಬೇಡಿ. ಮಾರಿಸ್ ಒಂದು ಉಪಾಯ ಮಾಡಿದ್ದಾರೆ: ಕ್ಯಾಮೆರಾ ಮುಂದೆ ಕನ್ನಡಿ ಥರದ ಪರದೆ ಇಟ್ಟು, ಅದರಲ್ಲಿ ತಮ್ಮ ಮುಖ ಕಾಣೋ ಹಾಗೆ ಮಾಡಿದ್ದಾರೆ. ಹಾಗಾಗಿ ಮ್ಯಾಕ್‌ನಮಾರಾ ಅವರ ಮುಖ ನೋಡಿ ಮಾತಾಡಿದ್ರೆ ನೇರ ನಮ್ಮ ಕಣ್ಣಿಗೇ ಕಣ್ಣಿಟ್ಟ ಹಾಗೆ ಇರುತ್ತೆ. ಮೊಬೈಲ್‌ನಲ್ಲಿ ನೋಡಿದ್ರಂತೂ ತಾತ ವಿಡಿಯೋ ಕಾಲ್ ಮಾಡಿದ ಹಾಗೇ ಅನ್ಸುತ್ತೆ.

ಯಾರು ಈ ಮನುಷ್ಯ? 1961ರಿಂದ 1968ರವರೆಗೆ ಅಮೆರಿಕದ ರಕ್ಷಣಾ ಮಂತ್ರಿ. ವಿಯೆಟ್ನಾಂ ಯುದ್ಧ ಬೆಳೆದಿದ್ದೇ ಅವರ ಕಾಲದಲ್ಲಿ. ಆದ್ರೆ ನನ್ನನ್ನ ಹಿಡಿದು ಕೂರಿಸಿದ್ದು ಅದಕ್ಕಿಂತ ಮುಂಚಿನ ವಿಷಯ. ಇವರು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಅಕೌಂಟಿಂಗ್ ಪಾಠ ಮಾಡ್ತಿದ್ದವರು! ನಾನು ಬಿ.ಕಾಂ ಮಾಡಿದವನು. ಡೆಬಿಟ್, ಕ್ರೆಡಿಟ್, ಕೊನೆಗೆ ಎರಡೂ ಕಡೆ ಟ್ಯಾಲಿ ಆದ್ರೆ ಸಮಾಧಾನ, ಇದೇ ನಮ್ಮ ಶಿಕ್ಷಣ. ಹಾಗಾಗಿ ಈ ಮನುಷ್ಯ ಯೋಚನೆ ಮಾಡೋ ರೀತಿ ನನಗೆ ಮೊದಲ ಹತ್ತು ನಿಮಿಷದಲ್ಲೇ ಹಿಡಿಸಿಬಿಡ್ತು. ಭಯ ಆಗಿದ್ದೂ ಅದಕ್ಕೇ.

ಫೋರ್ಡ್ ಕಂಪನಿಯ ಕಥೆ ಕೇಳಿ. ಅಪಘಾತದಲ್ಲಿ ಜನ ಯಾಕೆ ಸಾಯ್ತಾರೆ ಅಂತ ಮಾಹಿತಿ ಹುಡುಕಿಸ್ತಾರೆ. ಯಾರ ಹತ್ರಾನೂ ಸರಿಯಾದ ಲೆಕ್ಕ ಇರಲ್ಲ. ಕೊನೆಗೆ ಕಾರ್ನೆಲ್‌ನಲ್ಲಿ ಮನುಷ್ಯರ ತಲೆಬುರುಡೆಗೆ ಬೇರೆ ಬೇರೆ ಥರ ಪ್ಯಾಕಿಂಗ್ ಸುತ್ತಿ ಮೆಟ್ಟಿಲ ಸಂದಿಯಿಂದ ಕೆಳಗೆ ಬಿಟ್ಟು ಪರೀಕ್ಷೆ ಮಾಡ್ತಾರೆ. ಅಲ್ಲಿಂದ ಸೀಟ್ ಬೆಲ್ಟ್ ತನಕ ಮಾತು ಹೋಗುತ್ತೆ. ಲೆಕ್ಕ ಹಾಕಿದ್ದಕ್ಕೆ ಜೀವ ಉಳೀತು, ಸರಿ ತಾನೆ?

ಈಗ ಅದೇ ತಲೆ, ಅದೇ ಲೆಕ್ಕ, ಜಾಗ ಮಾತ್ರ ಬೇರೆ. 1945ರ ಮಾರ್ಚ್. ಮ್ಯಾಕ್‌ನಮಾರಾ ಆಗ ವಾಯುಪಡೆಯಲ್ಲಿ ಜನರಲ್ ಕರ್ಟಿಸ್ ಲೆಮೇ ಕೈಕೆಳಗೆ ಅಂಕಿಅಂಶದ ಕೆಲಸದಲ್ಲಿ ಇದ್ರು. ಬಾಂಬರ್‌ಗಳು ತುಂಬಾ ಎತ್ತರದಲ್ಲಿ ಹಾರ್ತಿದ್ವು, ಗುರಿ ತಪ್ತಿತ್ತು, 'ಎಫಿಶಿಯೆನ್ಸಿ' ಕಮ್ಮಿ ಇತ್ತು. ಲೆಮೇ ವಿಮಾನಗಳನ್ನ ಕೆಳಕ್ಕೆ ಇಳಿಸಿ ಬೆಂಕಿ ಬಾಂಬ್ ಹಾಕಿಸಿದ್ರು. ಮರದ ಮನೆಗಳ ಟೋಕಿಯೊ. ಒಂದೇ ರಾತ್ರಿಯಲ್ಲಿ ಸುಮಾರು ಒಂದು ಲಕ್ಷ ಜನ ಸುಟ್ಟು ಹೋದ್ರು, ಹೆಂಗಸರು ಮಕ್ಕಳು ಸೇರಿ. ಎಫಿಶಿಯೆನ್ಸಿ ಜಾಸ್ತಿ ಆಯ್ತು.

ಇಲ್ಲಿ ಮಾರಿಸ್ ಮಾಡಿರೋ ದೃಶ್ಯ ನನಗೆ ಇನ್ನೂ ಕಣ್ಣಲ್ಲೇ ಇದೆ. ವಿಮಾನದಿಂದ ಬಾಂಬ್ ಬದಲು ಅಂಕಿಗಳು ಉದುರ್ತವೆ, ಊರಿನ ಮೇಲೆ ಅಕ್ಷರಶಃ ನಂಬರ್ ಸುರಿಯುತ್ತೆ. ಆಮೇಲೆ ಮ್ಯಾಕ್‌ನಮಾರಾ ಒಂದೊಂದೇ ಊರನ್ನ ಅಮೆರಿಕದ ಊರಿಗೆ ಹೋಲಿಸ್ತಾ ಹೋಗ್ತಾರೆ. ಟೋಕಿಯೊ ಅಂದ್ರೆ ನ್ಯೂಯಾರ್ಕ್‌ನಷ್ಟು, ಶೇ. 51 ನಾಶ. ನಗೋಯಾ ಅಂದ್ರೆ ಲಾಸ್ ಏಂಜಲೀಸ್, ಶೇ. 40. ಟೊಯಾಮಾ, ಶೇ. 99! ಇದೆಲ್ಲಾ ಅಣುಬಾಂಬ್ ಬೀಳೋಕೆ ಮುಂಚೆ. ನಾವೇನಾದ್ರೂ ಸೋತಿದ್ರೆ ನಮ್ಮನ್ನೇ ಯುದ್ಧಾಪರಾಧಿಗಳು ಅಂತ ಕಟಕಟೆಗೆ ನಿಲ್ಲಿಸ್ತಿದ್ರು ಅಂತ ಲೆಮೇ ಹೇಳಿದ್ರಂತೆ. ಅದು ಸರಿ ಅಂತ ಮ್ಯಾಕ್‌ನಮಾರಾ ಒಪ್ಕೋತಾರೆ.

ಒಂದು ಸಣ್ಣ ವಿಷಯ ಗಮನಿಸಿ. ಒಂದು ಕಡೆ ಅವರು 67 ಊರುಗಳ ಶೇ. 50ರಿಂದ 90ರಷ್ಟು 'ಜನರನ್ನು' ಕೊಂದದ್ದು ಅಂತಾರೆ. ಆ ಶೇಕಡಾವಾರು ಸುಟ್ಟುಹೋದ ಊರಿನದ್ದು, ಸತ್ತ ಜನರದ್ದಲ್ಲ. ಅಷ್ಟು ಪಕ್ಕಾ ಲೆಕ್ಕದ ಮನುಷ್ಯನ ಬಾಯಲ್ಲೂ ಊರು ಮತ್ತು ಜನ ಒಂದೇ ಕಾಲಂಗೆ ಬಿದ್ದುಬಿಡ್ತು. ಪರೀಕ್ಷೆಯಲ್ಲಿ ನಾವು ಹೀಗೆ ಬರೆದಿದ್ರೆ ಮಾರ್ಕ್ಸ್ ಕಟ್.

ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಭಾಗ ಚೆನ್ನಾಗಿದೆ, ನೀವೇ ನೋಡಿ. ನಾನು ನೇರ ವಿಯೆಟ್ನಾಂಗೆ ಬರ್ತೀನಿ.

1995ರಲ್ಲಿ ಮ್ಯಾಕ್‌ನಮಾರಾ ಹನೋಯ್‌ಗೆ ಹೋಗಿ ಅಲ್ಲಿನ ಮಾಜಿ ವಿದೇಶಾಂಗ ಮಂತ್ರಿ ಜೊತೆ ಕೂರ್ತಾರೆ. ಇವರ ವಾದ ಹೀಗೆ: ನಿಮ್ಮ ಕಡೆ 34 ಲಕ್ಷ ಜನ ಸತ್ರು, ನಮ್ಮ ಜನಸಂಖ್ಯೆಗೆ ಹೋಲಿಸಿದ್ರೆ ಅದು 2.7 ಕೋಟಿಗೆ ಸಮ, ಇಷ್ಟು ಕಳ್ಕೊಂಡು ನಿಮಗೆ ಸಿಕ್ಕಿದ್ದೇನು? ನೋಡಿ, ಎದುರಿಗೆ ಕೂತವರ ಸಾವನ್ನೂ ತನ್ನ ದೇಶದ ಲೆಕ್ಕಕ್ಕೆ ಕನ್ವರ್ಟ್ ಮಾಡಿ ಕೇಳ್ತಾರೆ. ಆ ಮಂತ್ರಿ ಸಿಟ್ಟಿನಿಂದ ಉತ್ತರ ಕೊಡ್ತಾರೆ: ನೀವು ಇತಿಹಾಸ ಓದೇ ಇಲ್ಲ, ನಾವು ಚೀನಾದ ಕೈಗೊಂಬೆ ಅಲ್ಲ, ಅವರ ಜೊತೆ ಸಾವಿರ ವರ್ಷ ಹೊಡೆದಾಡಿದವರು, ನಾವು ಹೋರಾಡಿದ್ದು ಸ್ವಾತಂತ್ರ್ಯಕ್ಕೆ. ಅಲ್ಲಿಗೆ ಲಾಭ ನಷ್ಟದ ಪಟ್ಟಿ ಹರಿದು ಬೀಳುತ್ತೆ. ಸ್ವಾತಂತ್ರ್ಯಕ್ಕೆ ಯಾವ ಖಾತೆಯಲ್ಲಿ ಎಂಟ್ರಿ ಹಾಕ್ತೀರಿ?

ಮ್ಯಾಕ್‌ನಮಾರಾ ಕಲ್ಲು ಮನುಷ್ಯ ಅಂತ ನಾನು ಹೇಳಲ್ಲ. ಕೆನಡಿ ಸಮಾಧಿಗೆ ಜಾಗ ಆರಿಸಿದ್ದನ್ನ ಹೇಳುವಾಗ ಅವರ ಗಂಟಲು ಕಟ್ಟುತ್ತೆ, ಕಣ್ಣು ತುಂಬುತ್ತೆ. 34 ಲಕ್ಷ ಅನ್ನುವಾಗ ತುಂಬಲ್ಲ. ಒಂದು ಸಾವಿಗೆ ಮುಖ ಇತ್ತು, ಇನ್ನೊಂದಕ್ಕೆ ಸೊನ್ನೆಗಳಿದ್ವು. ಇದು ಅವರೊಬ್ಬರ ಕಾಯಿಲೆ ಅನ್ನೋ ಧೈರ್ಯ ನನಗಿಲ್ಲ. ನ್ಯೂಸ್ ಆ್ಯಪ್‌ನಲ್ಲಿ ಸಾವಿನ ಸಂಖ್ಯೆ ಬಂದ್ರೆ ನಮ್ಮ ಹೆಬ್ಬೆರಳು ಎಷ್ಟು ಸೆಕೆಂಡ್ ನಿಲ್ಲುತ್ತೆ ಹೇಳಿ?

ಈ ಸಿನಿಮಾದ 'ಹನ್ನೊಂದು ಪಾಠ'ಗಳನ್ನ ಮ್ಯಾನೇಜ್‌ಮೆಂಟ್ ಸೂತ್ರ ಅನ್ಕೊಂಡು ಉರು ಹೊಡೀಬೇಡಿ. ಅವನ್ನ ಹೆಕ್ಕಿ ಜೋಡಿಸಿದ್ದು ಮಾರಿಸ್, ಮ್ಯಾಕ್‌ನಮಾರಾ ಅಲ್ಲ. ಒಂದೊಂದರ ಹಿಂದೆಯೂ ವ್ಯಂಗ್ಯ ಇದೆ. 'ಡೇಟಾ ತಗೊಳ್ಳಿ' ಅನ್ನೋದೂ ಅದರಲ್ಲಿ ಒಂದು ಪಾಠ, ಮರೀಬೇಡಿ.

ಕೊನೆಯಲ್ಲಿ ಮಾರಿಸ್ ಕೇಳ್ತಾರೆ: ವಿಯೆಟ್ನಾಂಗೆ ನೀವು ಹೊಣೆ ಅನ್ಸುತ್ತಾ? ತಪ್ಪಿತಸ್ಥ ಭಾವನೆ ಇದೆಯಾ? ಇಷ್ಟು ಹೊತ್ತು ನಿಲ್ಲದೆ ಮಾತಾಡಿದ ಮನುಷ್ಯ ಇನ್ನು ಮುಂದೆ ಹೇಳಲ್ಲ ಅಂತಾರೆ. ಏನು ಹೇಳಿದ್ರೂ ಬೈಸ್ಕೊಳ್ಳೋದೇ, ಅದಕ್ಕಿಂತ ಹೇಳದೆ ಬೈಸ್ಕೊಳ್ತೀನಿ ಅನ್ನೋದು ಅವರ ನಿಲುವು. 2009ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡ್ರು.

ನನ್ನ ದೊಡ್ಡ ತಕರಾರು ಒಂದಿದೆ. ಇಡೀ ಚಿತ್ರದಲ್ಲಿ ಒಬ್ಬ ವಿಯೆಟ್ನಾಂ ಪ್ರಜೆಯ ಸಂದರ್ಶನವೂ ಇಲ್ಲ. ಆ ಮಂತ್ರಿಯ ಸಿಟ್ಟು ಕೂಡ ನಮಗೆ ಸಿಗೋದು ಮ್ಯಾಕ್‌ನಮಾರಾ ಬಾಯಿಂದಲೇ. ಅದಕ್ಕೇ ಮುಂದಿನ ಸಂಚಿಕೆಗೆ ಪೀಟರ್ ಡೇವಿಸ್ ಅವರ 'ಹಾರ್ಟ್ಸ್ ಅಂಡ್ ಮೈಂಡ್ಸ್' ತಗೋತಿದ್ದೀನಿ, 1974ರದ್ದು. ಅದರಲ್ಲಿ ಆ ಜನ ಕಾಣ್ತಾರೆ, ಮಾತಾಡ್ತಾರೆ, ಅಳ್ತಾರೆ. ಆದ್ರೆ ನೋಡ್ಕೊಂಡು ಬನ್ನಿ, ಸಿಗೋಣ.