ಕೆಮ್ಮಿನ ದಿನ ಎಣಿಸೋಣ

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ತಿಳಿವಳಿಕೆ ಕಾರ್ಯಕ್ರಮದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಒಂದು ಹಳ್ಳಿಯ ಹಾಲಿನ ಸಂಘ ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದೆ ನಡೆದುಕೊಂಡು ಬರುವುದು ಸಣ್ಣ ಮಾತಲ್ಲ. ಅದಕ್ಕಾಗಿ ಮೊದಲು ನಮ್ಮ ಕೇಂದ್ರದ ಎಲ್ಲರ ಪರವಾಗಿ ತಮಗೆ ಅಭಿನಂದನೆಗಳು. ಇಂಥ ಸಂತೋಷದ ದಿನ ರೋಗದ ಮಾತು ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ "ನಮ್ಮ ಜನಕ್ಕೆ ದಿನಬಳಕೆಗೆ ಬರುವಂಥದ್ದು ಒಂದು ವಿಷಯ ಹೇಳಿ" ಎಂದು ಕಾರ್ಯದರ್ಶಿಗಳು ಕೇಳಿದರು. ನಾವು ಆರಿಸಿಕೊಂಡದ್ದು ದೊಡ್ಡವರ ಕೆಮ್ಮು. ಕೆಮ್ಮು ಬಾರದ ಮನೆ ಯಾವುದಿದೆ ಹೇಳಿ?

ನಾವು ಉಸಿರು ಎಳೆದುಕೊಂಡಾಗ ಗಾಳಿ ಗಂಟಲಿನಿಂದ ಶ್ವಾಸನಾಳಕ್ಕೆ ಇಳಿಯುತ್ತದೆ. ಆ ನಾಳ ಎದೆಯೊಳಗೆ ಎರಡು ಕವಲಾಗಿ, ಮತ್ತೆ ಮರದ ಕೊಂಬೆ ರೆಂಬೆಗಳ ಹಾಗೆ ಕವಲೊಡೆದು ಶ್ವಾಸಕೋಶದ ತುಂಬ ಹರಡಿಕೊಂಡಿದೆ. ಈ ಕೊಳವೆಗಳ ಒಳಮೈ ಕೆಂಪಾಗಿ ಊದಿಕೊಂಡು, ಅಂಟು ಕಫ ಸುರಿಸುವುದನ್ನೇ ಬ್ರಾಂಕೈಟಿಸ್ ಅನ್ನುತ್ತಾರೆ. "ಎದೆಗೆ ಕಫ ಕಟ್ಟೈತೆ" ಅಂತ ನಮ್ಮ ಜನ ಹೇಳುವುದು ಬಹುಮಟ್ಟಿಗೆ ಇದನ್ನೇ.

ಇದು ಸಾಮಾನ್ಯವಾಗಿ ನೆಗಡಿಯಿಂದ ಶುರುವಾಗುತ್ತದೆ. ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ, ಮೈಕೈ ನೋವು, ಅಲ್ಪಸ್ವಲ್ಪ ಜ್ವರ. ಎರಡು ಮೂರು ದಿನ ಕಳೆದ ಮೇಲೆ ನೆಗಡಿ ಇಳಿದು ಕೆಮ್ಮು ಏರುತ್ತದೆ. ಮೊದಲು ಒಣಕೆಮ್ಮು, ಆಮೇಲೆ ಕಫ. ಕೆಮ್ಮಿ ಕೆಮ್ಮಿ ಪಕ್ಕೆ ನೋಯುತ್ತದೆ. ಮಲಗಿದರೆ ಎದೆಯಲ್ಲಿ ಗೊರಗೊರ ಶಬ್ದ. ಹೆಚ್ಚಿನವರಲ್ಲಿ ಇದಕ್ಕೆ ಕಾರಣ ವೈರಸ್.

ಈಗ ಮುಖ್ಯ ಮಾತಿಗೆ ಬರೋಣ. ಇಂಥ ಕೆಮ್ಮು ಎಷ್ಟು ದಿನ ಇರುತ್ತದೆ? ಯಾರನ್ನೇ ಕೇಳಿ, "ಒಂದು ವಾರ" ಅನ್ನುತ್ತಾರೆ. ಆದರೆ ವೈದ್ಯರು ಬಹಳ ರೋಗಿಗಳನ್ನು ಗಮನಿಸಿ ಲೆಕ್ಕ ಹಾಕಿದಾಗ ಸರಾಸರಿ 18 ದಿನ ಎಂದು ಕಂಡುಬಂದಿದೆ. ಅಂದರೆ ಸುಮಾರು ಎರಡೂವರೆ ವಾರ. ಕೆಲವರಲ್ಲಿ ಮೂರು ವಾರಕ್ಕೂ ಹೋಗುತ್ತದೆ. ವೈರಸ್ ಹೋದರೂ ಕೊಳವೆಯ ಒಳಮೈ ಮಾಯುವುದಕ್ಕೆ ಅಷ್ಟು ಕಾಲ ಬೇಕು. ಈ ಲೆಕ್ಕ ಗೊತ್ತಿಲ್ಲದೆಯೇ ನಮ್ಮ ಜನ ಎಂಟನೇ ದಿನಕ್ಕೆ ಗಾಬರಿಬಿದ್ದು ಬರುತ್ತಾರೆ. "ಸಾರ್, ಒಂದು ಸೂಜಿ ಹಾಕಿಬಿಡಿ, ಹೊಲದಲ್ಲಿ ಕೆಲಸ ಐತೆ" ಅನ್ನುತ್ತಾರೆ. ಇಲ್ಲ ಅಂದರೆ "ಈ ಡಾಕ್ಟರಿಗೆ ಏನೂ ಬರಾಕಿಲ್ಲ" ಅಂತ ಇನ್ನೊಂದು ಕಡೆ ಹೋಗಿ ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಾರೆ.

ಆಂಟಿಬಯೋಟಿಕ್ ಔಷಧಿ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ವೈರಸ್ಸನ್ನಲ್ಲ. ಬೇರೆ ರೋಗವಿಲ್ಲದ ಗಟ್ಟಿಮುಟ್ಟಾದವರ ಬ್ರಾಂಕೈಟಿಸ್‌ಗೆ ಅದನ್ನು ಕೊಟ್ಟು ನೋಡಿದರೆ, ಕೆಮ್ಮು ಕಡಿಮೆಯಾಗುವುದು ಹೆಚ್ಚುಕಡಿಮೆ ಅರ್ಧ ದಿನ ಮಾತ್ರ. ಆ ಅರ್ಧ ದಿನಕ್ಕಾಗಿ ಹೊಟ್ಟೆ ಕೆಡುವುದು, ಭೇದಿ, ಮೈಮೇಲೆ ಗಂಧೆ ಏಳುವುದು ಇವನ್ನೆಲ್ಲ ಕೊಂಡುಕೊಂಡ ಹಾಗೆ. ಕಫ ಹಳದಿಯಾಗಿದೆ, ಹಸಿರಾಗಿದೆ ಎಂದ ಮಾತ್ರಕ್ಕೂ ಅದು ಬೇಕೆಂದಲ್ಲ. ಸಂಘದ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಹಾಕಿಸಿದ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಡೈರಿಗೆ ಹಾಕಬಾರದೆಂದು ನಿಮಗೇ ಗೊತ್ತು. ಹಸುವಿನ ವಿಷಯದಲ್ಲಿ ಇಷ್ಟು ಎಚ್ಚರ ಇರುವ ನಾವು ನಮ್ಮ ಮೈಗೆ ಮಾತ್ರ ಕೇಳಿ ಕೇಳಿ ಹಾಕಿಸಿಕೊಳ್ಳುತ್ತೇವೆ. ಬೇಡದ ಕಡೆ ಬಳಸಿದ ಔಷಧಿ, ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಇನ್ನು ಕೆಲವರು ಹಾಕುವ "ಬೇಗ ಗುಣವಾಗುವ" ಸೂಜಿಯಲ್ಲಿ ಸ್ಟಿರಾಯ್ಡ್ ಇರಬಹುದು. ಸಕ್ಕರೆ ಕಾಯಿಲೆಯವರಿಗೆ ಅದು ಸಕ್ಕರೆಯನ್ನು ಏರಿಸಿಬಿಡುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ನಾಲ್ಕು ದಿನವಾದರೂ ಭಾರದ ಕೆಲಸ ಬಿಡಿ. ಬಿಸಿನೀರು, ಗಂಜಿ, ಮೆಣಸಿನ ಸಾರು, ಶುಂಠಿ ಕಷಾಯ, ಯಾವುದು ಹಿಡಿಸುತ್ತದೋ ಅದನ್ನು ಆಗಾಗ ಕುಡಿಯಿರಿ. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ. ಮಲಗುವಾಗ ಒಂದು ಚಮಚ ಜೇನುತುಪ್ಪ ಗಂಟಲಿಗೆ ಹಿತ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು. ಜ್ವರ, ಮೈನೋವಿಗೆ ಪ್ಯಾರಸಿಟಮಾಲ್ ಸಾಕು. ಲಿವರ್ ತೊಂದರೆ ಇರುವವರು, ದಿನಾ ಮದ್ಯ ಸೇವಿಸುವವರು ಅದನ್ನೂ ಕೇಳಿಯೇ ನುಂಗಬೇಕು. ಹಬೆ ತೆಗೆದುಕೊಂಡರೆ ಕೆಲವರಿಗೆ ಹಾಯೆನಿಸುತ್ತದೆ. ಕುದಿಯುವ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಸುಟ್ಟುಕೊಳ್ಳಬೇಡಿ, ಅಷ್ಟೇ. ಕೆಮ್ಮುವಾಗ ಟವೆಲ್ಲೋ ಸೆರಗೋ ಬಾಯಿಗೆ ಅಡ್ಡ ಇರಲಿ. ಕಂಡಲ್ಲಿ ಉಗುಳಬೇಡಿ.

ಇಷ್ಟು ಕೇಳಿ "ಕೆಮ್ಮು ತಾನಾಗಿಯೇ ಹೋಗುತ್ತೆ ಬಿಡಿ" ಎಂದು ಸುಮ್ಮನೆ ಕೂರಬೇಡಿ. ಕೆಲವು ಗುರುತುಗಳು ಕಂಡರೆ ದಿನ ಎಣಿಸುತ್ತ ಕೂರುವಂತಿಲ್ಲ. ಕೂತಲ್ಲೇ ಏದುಸಿರು ಬರುವುದು. ಮಾತು ಮುಗಿಸಲಾಗದೆ ನಡುವೆ ಉಸಿರು ಎಳೆಯುವುದು. ಉಸಿರೆಳೆದಾಗ ಎದೆಯ ಒಂದು ಕಡೆ ಚುಚ್ಚುವುದು. ಚಳಿ ನಡುಕದ ಜೋರು ಜ್ವರ, ಅಥವಾ ಮೂರು ದಿನ ದಾಟಿದರೂ ಬಿಡದ ಜ್ವರ. ಕಫದಲ್ಲಿ ರಕ್ತ. ತುಟಿ, ಉಗುರು ನೀಲಿಯಾಗುವುದು. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರೀ ಮಂಕು ಕವಿದು, ಊಟ ಬಿಟ್ಟು, ಏನೇನೋ ಮಾತಾಡುವುದೂ ಒಂದು ಗುರುತು. ಇವು ನ್ಯುಮೋನಿಯಾ ಇರಬಹುದು, ಹೃದಯದ ತೊಂದರೆಯೂ ಇರಬಹುದು. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ರೋಗಿ ಸುಮ್ಮನೆ ಕೂತಿರುವಾಗ ಎದೆ ಏರಿಳಿಯುವುದನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ 12ರಿಂದ 20 ಸರಿ. 24 ದಾಟಿದರೆ ಆಸ್ಪತ್ರೆಗೆ ಬನ್ನಿ. 2020ರ ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಹಳ್ಳಿಗಳಿಗೂ ಬಂತು. ಅದು 94ಕ್ಕಿಂತ ಕೆಳಗೆ ತೋರಿಸಿದರೂ ತಡ ಮಾಡಬೇಡಿ. ಉಸಿರಿಗೆ ಕಷ್ಟವಾದರೆ 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ, ಹೃದಯ, ಕಿಡ್ನಿ ತೊಂದರೆ ಇರುವವರು, ಬಸುರಿಯರು, 65 ದಾಟಿದವರು ಜೋರು ಕೆಮ್ಮು ಬಂದಾಗ ಆರಂಭದಲ್ಲೇ ತೋರಿಸುವುದು ಮೇಲು.

ಈ ಯಾವ ಗುರುತೂ ಇಲ್ಲ, ಆದರೆ ಕೆಮ್ಮು ಎರಡು ವಾರ ದಾಟಿತು ಎನ್ನಿ. ಬ್ರಾಂಕೈಟಿಸ್ ಕೆಮ್ಮು ಎರಡೂವರೆ ವಾರ ಇರಬಹುದೆಂದು ಈಗತಾನೇ ಹೇಳಿದೆವಲ್ಲ, ಮತ್ತೇಕೆ ಎರಡು ವಾರ ಎಂದು ಕೇಳಬಹುದು. ನಮ್ಮ ದೇಶದಲ್ಲಿ ಕ್ಷಯ ಇನ್ನೂ ಇದೆ. ಅದಕ್ಕೇ ಎರಡು ವಾರದ ಕೆಮ್ಮು ಎಂದರೆ ಕಫ ಪರೀಕ್ಷೆ ಮಾಡಿಸಬೇಕು ಎಂಬ ನಿಯಮ. ಕಫ ಕೊಟ್ಟ ಹೆಚ್ಚಿನವರಿಗೆ ಕ್ಷಯ ಇರುವುದಿಲ್ಲ. ಇದ್ದವರನ್ನು ಬಿಟ್ಟುಬಿಡಬಾರದು, ಅಷ್ಟಕ್ಕೇ ಪರೀಕ್ಷೆ.

ಇಲ್ಲಿ ನಮ್ಮ ನಾಡಿನದೇ ಒಂದು ಮಾತು ಹೇಳಬೇಕು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿಯವರು ತುಮಕೂರು ಜಿಲ್ಲೆಯಲ್ಲಿ ಊರೂರು ಸುತ್ತಿ ಕ್ಷಯ ರೋಗಿಗಳನ್ನು ಮಾತಾಡಿಸಿದರು. ಅದರ ವರದಿ 1963ರಲ್ಲಿ ಪ್ರಕಟವಾಯಿತು. ಹಳ್ಳಿ ಜನಕ್ಕೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಆಗ ಹಲವರು ತಿಳಿದಿದ್ದರು. ಕಂಡದ್ದು ಬೇರೆ. ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ರೋಗಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ! ಆದ್ದರಿಂದ ಎರಡು ವಾರದ ಕೆಮ್ಮಿಗೆ ಎಲ್ಲಿಗೇ ಹೋಗಿ, ಸಿರಪ್ ಕೊಟ್ಟು ಕಳಿಸಿದರೆ "ಕಫ ಪರೀಕ್ಷೆ ಮಾಡ್ತೀರಾ?" ಎಂದು ಬಾಯಿಬಿಟ್ಟು ಕೇಳಿ. ಕೇಳುವುದು ನಿಮ್ಮ ಹಕ್ಕು. ಫ್ಯಾಟ್ ನೋಡದೆ ಹಾಲಿಗೆ ಬೆಲೆ ಕಟ್ಟಿದರೆ ನೀವು ಒಪ್ಪುತ್ತೀರಾ? ಇದೂ ಹಾಗೆಯೇ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಉಚಿತ, ಕ್ಷಯವೆಂದು ತಿಳಿದರೆ ಔಷಧಿಯೂ ಉಚಿತ. ಪೌಷ್ಟಿಕ ಆಹಾರಕ್ಕೆ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು; 2024ರ ನವೆಂಬರ್‌ನಲ್ಲಿ ಅದನ್ನು 1000 ರೂಪಾಯಿಗೆ ಏರಿಸಿದರು. ಕಫ ಕೊಡುವಾಗ ಎಂಜಲು ಕೊಡಬೇಡಿ. ಬೆಳಗ್ಗೆ ಬಾಯಿ ತೊಳೆದು, ಬಯಲಿನಲ್ಲಿ ನಿಂತು, ಉದ್ದಕ್ಕೆ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಕೊಡಿ. "ಹೆಣ್ಣು ಕೇಳೋಕೆ ಬರೋರು ಏನಂದುಕೊಂಡಾರು" ಎಂದು ಮುಚ್ಚಿಟ್ಟರೆ ಮನೆಯವರಿಗೇ ಅಂಟುತ್ತದೆ.

ಇನ್ನೊಂದು ಬಗೆಯ ಬ್ರಾಂಕೈಟಿಸ್ ಇದೆ. ಅದು ಬಂದು ಹೋಗುವುದಲ್ಲ, ಮನೆ ಮಾಡಿಕೊಂಡಿರುವುದು. ವರ್ಷದಲ್ಲಿ ಮೂರು ತಿಂಗಳಂತೆ ಎರಡು ವರ್ಷ ಸತತವಾಗಿ ಕಫದ ಕೆಮ್ಮು ಇದ್ದು, ಅದಕ್ಕೆ ಬೇರೆ ಕಾರಣ ಕಾಣದಿದ್ದರೆ ಅದನ್ನು ದೀರ್ಘಕಾಲದ ಬ್ರಾಂಕೈಟಿಸ್ ಅನ್ನುತ್ತಾರೆ. ಗಂಡಸರಲ್ಲಿ ಇದಕ್ಕೆ ಮುಖ್ಯ ಕಾರಣ ಬೀಡಿ, ಸಿಗರೇಟು. "ಬೆಳಗ್ಗೆ ಎದ್ದು ಕೆಮ್ಮಿ ಕಫ ಹೋದರೇ ಹಗುರ" ಅನ್ನುವವರು ಅದು ಬೀಡಿಯ ಕೆಮ್ಮು ಎಂದು ತಿಳಿಯಬೇಕು. ಬಿಟ್ಟ ದಿನದಿಂದಲೇ ಲಾಭ. ಬಿಡಲು ನೆರವು ಬೇಕಾದರೆ 1800-11-2356 ಎಂಬ ಉಚಿತ ಸಂಖ್ಯೆಗೆ ಫೋನ್ ಮಾಡಬಹುದು.

ಆದರೆ ಬೀಡಿ ಮುಟ್ಟದ ತಾಯಂದಿರಿಗೂ ಈ ಕೆಮ್ಮು ಬರುತ್ತದೆ. ಕಾರಣ ಒಲೆಯ ಹೊಗೆ. ಹಸಿ ಸೌದೆ, ಬೆರಣಿ, ತೆಂಗಿನ ಗರಿ ಉರಿಸಿ ಮೂವತ್ತು ನಲವತ್ತು ವರ್ಷ ಊದುಕೊಳವೆ ಹಿಡಿದು ಕೂತ ಅಮ್ಮಂದಿರ ಎದೆಯೊಳಗೆ ಏನು ಕಟ್ಟಿರಬೇಡ! ಅವರು ಕೆಮ್ಮಿದರೆ ಮನೆಯಲ್ಲಿ ಯಾರೂ ಕಿವಿಗೊಡುವುದಿಲ್ಲ. "ಅವಳದು ಯಾವಾಗ್ಲೂ ಇದ್ದದ್ದೇ" ಅಂತಾರೆ. ಇದ್ದದ್ದೇ ಅನ್ನುವ ಕೆಮ್ಮನ್ನೇ ಮೊದಲು ತೋರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಗೆ ಕೊಳವೆಯಿರುವ ಅಸ್ತ್ರ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ತಂದರು. 2016ರಲ್ಲಿ ಉಜ್ವಲ ಯೋಜನೆಯ ಗ್ಯಾಸ್ ಬಂತು. ಆದರೂ ಸಿಲಿಂಡರ್ ದುಡ್ಡು ಉಳಿಸಲು ಮುದ್ದೆಗೆ ಎಸರಿಡುವುದು ಸೌದೆ ಒಲೆಯಲ್ಲೇ, ಬಚ್ಚಲ ಹಂಡೆಗೆ ಉರಿ ಹಾಕುವುದೂ ಸೌದೆಯಲ್ಲೇ. ಹಸು ಕಟ್ಟಿದ ಮನೆಗಳಲ್ಲಿ ಸಗಣಿಗೆ ಬರವಿಲ್ಲ. ಗೋಬರ್ ಗ್ಯಾಸ್ ವಿಷಯವನ್ನು ಆಡಳಿತ ಮಂಡಳಿ ಯೋಚಿಸಬೇಕೆಂದು ವಿನಂತಿ. ಅದು ಆಗುವವರೆಗೆ ಒಣ ಸೌದೆ, ತೆರೆದ ಕಿಟಕಿ, ಹೊಗೆ ಹೋಗಲು ಗವಾಕ್ಷಿ ಇಷ್ಟಾದರೂ ಇರಲಿ. ರಾಗಿ ಒಕ್ಕುವಾಗ, ಬೂಸಾ ಸುರಿಯುವಾಗ, ಹುಲ್ಲು ಮೆದೆ ಕೀಳುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿ.

ಈ ಹಳೆ ಕೆಮ್ಮಿನವರಿಗೆ ಬರಬರುತ್ತ ಏರು ಹತ್ತಲು ಆಗುವುದಿಲ್ಲ, ದಮ್ಮು ಬರುತ್ತದೆ. ಊದಿಸಿ ನೋಡುವ ಪರೀಕ್ಷೆಯೊಂದಿದೆ, ದೊಡ್ಡಾಸ್ಪತ್ರೆಯಲ್ಲಿ ಮಾಡುತ್ತಾರೆ. ಔಷಧಿಯನ್ನು ಬಾಯಿಂದ ಎಳೆದುಕೊಳ್ಳುವ ಇನ್‌ಹೇಲರ್ ಕೊಟ್ಟರೆ "ಅದು ಕೊನೇ ಗಳಿಗೆಯವರದು, ಚಟ ಹತ್ತುತ್ತೆ" ಎಂದು ಹೆದರಬೇಡಿ. ಎರಡೂ ಸುಳ್ಳು. ಔಷಧಿ ನೇರ ಕೊಳವೆಗೇ ಹೋಗುವುದರಿಂದ ಮಾತ್ರೆಗಿಂತ ಕಡಿಮೆ ಪ್ರಮಾಣ ಸಾಕಾಗುತ್ತದೆ. ಎಳೆದುಕೊಳ್ಳುವ ಕ್ರಮವನ್ನು ಮಾತ್ರ ಸರಿಯಾಗಿ ಕಲಿಯಬೇಕು. ಬಿ.ಪಿ. ಮಾತ್ರೆಗಳಲ್ಲೂ ಕೆಲವು ಒಣಕೆಮ್ಮು ತರುತ್ತವೆ. ತಿನ್ನುವ ಮಾತ್ರೆಗಳನ್ನೆಲ್ಲ ತಂದು ತೋರಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಮನೆಗೆ ಹೋಗುವಾಗ ನಾಲ್ಕು ಲೆಕ್ಕ ನೆನಪಿಡಿ. ಜ್ವರಕ್ಕೆ ಮೂರು ದಿನ. ಕಫ ಪರೀಕ್ಷೆಗೆ ಎರಡು ವಾರ. ಸಾಮಾನ್ಯ ಕೆಮ್ಮು ಹೋಗಲು ಮೂರು ವಾರದ ತಾಳ್ಮೆ. ವರ್ಷಕ್ಕೆ ಮೂರು ತಿಂಗಳ ಕೆಮ್ಮಾದರೆ ಅದು ಹಳೆ ಕೆಮ್ಮು. ಏದುಸಿರಿಗೆ, ರಕ್ತಕ್ಕೆ ಮಾತ್ರ ಲೆಕ್ಕವಿಲ್ಲ, ಆಗಲೇ ಹೊರಡಬೇಕು. ಕೆಮ್ಮು ಶುರುವಾದ ದಿನ ಡೈರಿ ಪಾಸ್ ಪುಸ್ತಕದ ಮೂಲೆಯಲ್ಲೋ ಗೋಡೆ ಕ್ಯಾಲೆಂಡರಿನಲ್ಲೋ ಒಂದು ಗುರುತು ಹಾಕಿ. "ಯಾವತ್ತಿಂದ?" ಎಂದು ನಾವು ಕೇಳಿದಾಗ ನೀವು ಹೇಳುವ ಆ ತಾರೀಖು ನಮಗೆ ಬಹಳ ಕೆಲಸಕ್ಕೆ ಬರುತ್ತದೆ.

ಸಂಘ ಇನ್ನೂ ಬೆಳೆಯಲಿ, ಅದನ್ನು ಬೆಳೆಸುವ ಜನರ ಎದೆಯೂ ಗಟ್ಟಿಯಾಗಿರಲಿ.